ನಿವೃತ್ತಿ ವಯಸ್ಸು ಏರಿದಾಗ ಸಿಟ್ಟಾಗುವವರು ಯಾರು?

ಪ್ರಶ್ನೆ: ನನ್ನ ತಂದೆ ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರು. ಬರುವ ಮೇ 31ಕ್ಕೆ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಸರ್ಕಾರ ನಿವೃತ್ತಿ ವಯಸ್ಸನ್ನು 60ರಿಂದ 62ಕ್ಕೆ ಏರಿಸಬಹುದೆಂಬ ಆಸೆ ಅವರಿಗಿದೆ. ನಾನು ಧಾರವಾಡದಲ್ಲಿ ರೂಮು ಮಾಡಿಕೊಂಡು ನಾಲ್ಕು ವರ್ಷಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಏರಿಸಿದರೆ ನಮ್ಮಂಥವರ ಗತಿಯೇನು ಎಂದು ಮನೆಯಲ್ಲಿ ವಾದ ಮಾಡುತ್ತೇನೆ. ಆದರೆ ಫ್ರಾನ್ಸ್ ದೇಶದಲ್ಲಿ ಎರಡೇ ವರ್ಷ ಏರಿಸಿದ್ದಕ್ಕೆ ಕೆಲಸದಲ್ಲಿರುವವರೇ ಬೀದಿಗಿಳಿದರು ಎಂದು ಓದಿದೆ. ನಮ್ಮ ನೌಕರರು ಬೇಕೆನ್ನುವುದನ್ನು ಅಲ್ಲಿನವರು ಬೇಡವೆನ್ನುವುದು ಏಕೆ? ತಂದೆಯವರದು ಸರಿಯೋ, ನನ್ನದು ಸರಿಯೋ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ‘ನಿವೃತ್ತಿ ವಯಸ್ಸು’ ಎಂಬ ಒಂದೇ ಮಾತು ಎರಡು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿದೆ, ಗೊಂದಲ ಹುಟ್ಟಿರುವುದು ಅಲ್ಲಿಂದಲೇ. ಕರ್ನಾಟಕದ ಸರ್ಕಾರಿ ನೌಕರನಿಗೆ ಅದು ಕುರ್ಚಿ ಬಿಡಬೇಕಾದ ವಯಸ್ಸು. ಫ್ರಾನ್ಸಿನ ಕಾರ್ಮಿಕನಿಗೆ ಅದು ಪಿಂಚಣಿಯ ಬಾಗಿಲು ತೆರೆಯುವ ವಯಸ್ಸು. ಮೊದಲನೆಯದನ್ನು ಏರಿಸಿದರೆ ಒಳಗಿರುವವನಿಗೆ ಪೂರ್ಣ ಸಂಬಳದ ಎರಡು ವರ್ಷ ಹೆಚ್ಚುವರಿಯಾಗಿ ಸಿಗುತ್ತದೆ, ಹೊರಗೆ ಕಾಯುತ್ತಿರುವವನಿಗೆ ಎರಡು ವರ್ಷ ತಡವಾಗುತ್ತದೆ. ಎರಡನೆಯದನ್ನು ಏರಿಸಿದರೆ ದುಡಿಯುತ್ತಿರುವವನೇ ತನಗೆ ಬರಬೇಕಾದ ಎರಡು ವರ್ಷದ ಪಿಂಚಣಿಯನ್ನು ಕಳೆದುಕೊಳ್ಳುತ್ತಾನೆ. ಹಾಗಾಗಿ ಇಲ್ಲಿ ಸಿಟ್ಟು ಧಾರವಾಡದ ಓದುವ ಕೋಣೆಗಳಲ್ಲಿ ಹುಟ್ಟುತ್ತದೆ, ಅಲ್ಲಿ ರೈಲ್ವೆ ನಿಲ್ದಾಣ, ತೈಲ ಶುದ್ಧೀಕರಣ ಘಟಕ ಮತ್ತು ಕಸದ ಲಾರಿಗಳ ಸುತ್ತ ಹುಟ್ಟುತ್ತದೆ.

ಫ್ರಾನ್ಸಿನ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಅಲ್ಲಿನ ಜನ ಸೋಮಾರಿಗಳು ಎಂಬ ಸುಲಭದ ತೀರ್ಪು ನಮ್ಮಲ್ಲಿ ಬಹಳ ಓಡಾಡಿತು. 1982ರಲ್ಲಿ ಮಿತ್ತರಾಂ ಅವರ ಸರ್ಕಾರ ಪಿಂಚಣಿಯ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿತ್ತು. 2010ರಲ್ಲಿ ಸಾರ್ಕೋಜಿ ಅವರ ಕಾಲದಲ್ಲಿ ಅದು 62 ಆಯಿತು. 2023ರ ಜನವರಿ 10ರಂದು ಪ್ರಧಾನಿ ಎಲಿಜಬೆತ್ ಬೋರ್ನ್ ಅವರು, ಒಂದೊಂದು ವರ್ಷದಲ್ಲಿ ಹುಟ್ಟಿದವರಿಗೆ ಮೂರು ಮೂರು ತಿಂಗಳಂತೆ ಏರಿಸುತ್ತ 2030ರ ಹೊತ್ತಿಗೆ 64ಕ್ಕೆ ಮುಟ್ಟಿಸುವ ಯೋಜನೆಯನ್ನು ಪ್ರಕಟಿಸಿದರು. ಕಾರಣ ಹುಸಿಯಾಗಿರಲಿಲ್ಲ. ಅಲ್ಲಿ ಇಂದು ದುಡಿಯುವವರ ವಂತಿಗೆಯಿಂದಲೇ ಇಂದಿನ ನಿವೃತ್ತರಿಗೆ ಪಿಂಚಣಿ ಕೊಡುತ್ತಾರೆ. 1960ರ ಸುಮಾರಿಗೆ ಒಬ್ಬ ನಿವೃತ್ತನಿಗೆ ನಾಲ್ವರು ದುಡಿಯುವವರಿದ್ದರೆ ಈಗ ಇರುವುದು ಸುಮಾರು 1.7 ಮಂದಿ.

ಹಾಗಿದ್ದರೂ ಜನ ಒಪ್ಪದಿದ್ದುದಕ್ಕೆ ಕಾರಣ ಲೆಕ್ಕದ ಒಳಗೇ ಅಡಗಿತ್ತು. ಪೂರ್ಣ ಪಿಂಚಣಿ ಬೇಕಾದರೆ ವಯಸ್ಸಿನ ಜೊತೆಗೆ 43 ವರ್ಷಗಳ ವಂತಿಗೆಯೂ ಬೇಕು. 24 ವರ್ಷದವರೆಗೆ ಓದಿ ಕೆಲಸಕ್ಕೆ ಸೇರಿದ ಎಂಜಿನಿಯರ್‌ಗೆ ಆ 43 ವರ್ಷ ತುಂಬುವುದೇ 67ಕ್ಕೆ. ಅವನ ಪಾಲಿಗೆ 62 ಆದರೇನು, 64 ಆದರೇನು, ವ್ಯತ್ಯಾಸವಿಲ್ಲ. ಇಪ್ಪತ್ತಕ್ಕೇ ಇಟ್ಟಿಗೆ ಹೊರಲು, ಆಸ್ಪತ್ರೆಯ ವಾರ್ಡಿನಲ್ಲಿ ದುಡಿಯಲು, ಅಂಗಡಿಯ ಗಲ್ಲಾದಲ್ಲಿ ಕೂರಲು ಶುರು ಮಾಡಿದವನ ಅಥವಾ ಮಾಡಿದವಳ ಮೇಲೆ ಮಾತ್ರ ಈ ಏರಿಕೆಯ ಭಾರ ಬೀಳುತ್ತಿತ್ತು. ಬೇಗ ಕೆಲಸಕ್ಕೆ ಸೇರಿದವರಿಗೆ ವಿನಾಯಿತಿಗಳನ್ನು ಕೊಟ್ಟಿದ್ದರಾದರೂ ಅವು ಹಲವು ಮೆಟ್ಟಿಲುಗಳ ಜಟಿಲ ನಿಯಮಗಳಾಗಿದ್ದವು. ಇದರ ಮೇಲೆ ಇನ್ನೊಂದು ಸತ್ಯವಿತ್ತು. ಫ್ರಾನ್ಸಿನ ಅಂಕಿಅಂಶ ಸಂಸ್ಥೆಯೇ 2018ರಲ್ಲಿ ಹೇಳಿದಂತೆ, ಅತಿ ಶ್ರೀಮಂತ ಶೇ 5ರಷ್ಟು ಪುರುಷರ ನಿರೀಕ್ಷಿತ ಆಯಸ್ಸು ಅತಿ ಬಡ ಶೇ 5ರಷ್ಟು ಪುರುಷರದಕ್ಕಿಂತ ಸುಮಾರು 13 ವರ್ಷ ಹೆಚ್ಚು. ಹದಿಮೂರು ವರ್ಷ ಕಡಿಮೆ ಬದುಕುವವನಿಂದ ಎರಡು ವರ್ಷ ಕಿತ್ತುಕೊಳ್ಳುವುದಕ್ಕೂ, ದೀರ್ಘಕಾಲ ಬದುಕುವವನಿಂದ ಕಿತ್ತುಕೊಳ್ಳುವುದಕ್ಕೂ ಅಂತರವಿದೆ ಎಂಬುದನ್ನು ಜನ ಯಾವ ಅರ್ಥಶಾಸ್ತ್ರಜ್ಞನ ಸಹಾಯವೂ ಇಲ್ಲದೆ ಅರ್ಥಮಾಡಿಕೊಂಡರು.

ಜನವರಿ 19ರ ಮೊದಲ ಮುಷ್ಕರದ ದಿನ ಗೃಹ ಸಚಿವಾಲಯದ ಲೆಕ್ಕದಲ್ಲೇ 11 ಲಕ್ಷಕ್ಕೂ ಹೆಚ್ಚು ಜನ ಮೆರವಣಿಗೆಗಳಲ್ಲಿದ್ದರು. ಮಾರ್ಚ್ 7ರಂದು ಆ ಸಂಖ್ಯೆ 12.8 ಲಕ್ಷಕ್ಕೆ ಏರಿತು. ಪರಸ್ಪರ ಕಿತ್ತಾಡುತ್ತಿದ್ದ ಎಂಟು ಕಾರ್ಮಿಕ ಸಂಘಟನೆಗಳು ಒಂದೇ ವೇದಿಕೆಗೆ ಬಂದವು. ಪ್ಯಾರಿಸ್ಸಿನ ಬೀದಿಗಳಲ್ಲಿ ಸುಮಾರು ಹತ್ತು ಸಾವಿರ ಟನ್ ಕಸ ರಾಶಿ ಬಿತ್ತು. ಇಷ್ಟಾದರೂ ಮಾರ್ಚ್ 16ರಂದು ಸರ್ಕಾರ, ಕೆಳಮನೆಯಲ್ಲಿ ಬಹುಮತದ ಖಾತ್ರಿ ಇಲ್ಲವೆಂದು ಕಂಡು, ಮತಕ್ಕೆ ಹಾಕದೆಯೇ ಮಸೂದೆಯನ್ನು ದಾಟಿಸಲು ಅವಕಾಶ ಕೊಡುವ ಸಂವಿಧಾನದ 49ನೇ ವಿಧಿಯ ಮೂರನೇ ಉಪವಿಧಿಯನ್ನು ಬಳಸಿತು. ನನ್ನ ಅಭಿಪ್ರಾಯದಲ್ಲಿ ಫ್ರಾನ್ಸಿನ ಕಥೆ ತಿರುಗಿದ್ದು ಆ ದಿನ. ಅಲ್ಲಿಯವರೆಗೆ ಜಗಳ ಎರಡು ವರ್ಷಗಳ ಬಗ್ಗೆ ಇತ್ತು. ಅಲ್ಲಿಂದಾಚೆಗೆ ನಮ್ಮನ್ನು ಕೇಳದೆ ತೀರ್ಮಾನಿಸಿದಿರಲ್ಲ ಎಂಬ ಅವಮಾನದ ಬಗ್ಗೆ ಆಯಿತು. ನಾಲ್ಕು ದಿನಗಳ ಬಳಿಕ ಅವಿಶ್ವಾಸ ನಿರ್ಣಯ ಕೇವಲ ಒಂಬತ್ತು ಮತಗಳಿಂದ ಬಿದ್ದುಹೋಯಿತು. ಏಪ್ರಿಲ್‌ನಲ್ಲಿ ಅಧ್ಯಕ್ಷ ಮ್ಯಾಕ್ರೋನ್ ಟಿ.ವಿ.ಯಲ್ಲಿ ಮಾತನಾಡುವ ಹೊತ್ತಿಗೆ ಜನ ಪಾತ್ರೆ ಪಗಡಿ ಬಡಿಯುತ್ತ ಹೊರಬಂದರು. ಕಾನೂನು ಉಳಿಯಿತು, ಆದರೆ ಸಿಟ್ಟೂ ಉಳಿಯಿತು. ಎರಡೂವರೆ ವರ್ಷ ಕಳೆದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲೆಕೋರ್ನು ಅವರು ತಮ್ಮ ಸರ್ಕಾರವನ್ನು ಉಳಿಸಿಕೊಳ್ಳಲು ಇದೇ ಏರಿಕೆಯನ್ನು 2028ರ ಜನವರಿಯವರೆಗೆ ತಡೆಹಿಡಿಯುವುದಾಗಿ ಘೋಷಿಸಬೇಕಾಯಿತು.

ಬ್ರಿಟನ್ನಿನ ಪ್ರತಿಕ್ರಿಯೆ ಇದಕ್ಕಿಂತ ತಣ್ಣಗಿನದು, ಆದರೆ ಹೆಚ್ಚು ದೀರ್ಘವಾದದ್ದು. ಅಲ್ಲಿ 1995ರ ಕಾನೂನು ಮಹಿಳೆಯರ ಸರ್ಕಾರಿ ಪಿಂಚಣಿಯ ವಯಸ್ಸನ್ನು 60ರಿಂದ 65ಕ್ಕೆ ಏರಿಸಲು ತೀರ್ಮಾನಿಸಿತು, 2011ರ ಕಾನೂನು ಅದರ ವೇಗ ಹೆಚ್ಚಿಸಿ 2020ರ ಹೊತ್ತಿಗೆ ಎಲ್ಲರಿಗೂ 66 ಮಾಡಿತು. 1950ರ ದಶಕದಲ್ಲಿ ಹುಟ್ಟಿದ ಲಕ್ಷಾಂತರ ಮಹಿಳೆಯರು, ಏರಿಸಿದ್ದಕ್ಕಿಂತ ಹೆಚ್ಚಾಗಿ ತಮಗೆ ಸರಿಯಾಗಿ ತಿಳಿಸಲಿಲ್ಲ ಎಂಬುದಕ್ಕೆ ಹೋರಾಟ ಹೂಡಿದರು. ಆಡಳಿತದ ಲೋಪ ಪರಿಶೀಲಿಸುವ ಅಲ್ಲಿನ ಒಂಬುಡ್ಸ್‌ಮನ್ 2024ರ ಮಾರ್ಚ್‌ನಲ್ಲಿ ಪರಿಹಾರ ಕೊಡಬೇಕೆಂದು ಹೇಳಿದರೂ ಅದೇ ಡಿಸೆಂಬರ್‌ನಲ್ಲಿ ಸರ್ಕಾರ ನಿರಾಕರಿಸಿತು.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲಿ ಸರ್ಕಾರಗಳು ವಯಸ್ಸು ಏರಿಸುವುದು ಪಿಂಚಣಿ ನಿಧಿ ಒಣಗಿದೆಯೆಂದೋ, ಜನ ಹೆಚ್ಚು ಕಾಲ ಬದುಕುತ್ತಿದ್ದಾರೆಂದೋ ಎಂದು ಆದೇಶದಲ್ಲಿ ಬರೆದಿರಬಹುದು. ಆದರೆ ಯಾವಾಗ ಏರಿಸಿದರು ಎಂಬ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ತಮಿಳುನಾಡು 58ನ್ನು 59 ಮಾಡಿದ್ದು 2020ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ ಖಜಾನೆ ಬತ್ತಿದ್ದಾಗ. ಅದನ್ನು 60ಕ್ಕೆ ಏರಿಸಿದ್ದು 2021ರ ಫೆಬ್ರವರಿ 25ರಂದು, ಅಂದರೆ ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾಗುವ ಹಿಂದಿನ ದಿನ. ತೆಲಂಗಾಣ ಅದೇ ವರ್ಷದ ಮಾರ್ಚ್‌ನಲ್ಲಿ 58ರಿಂದ ಒಮ್ಮೆಲೇ 61ಕ್ಕೆ ಜಿಗಿಯಿತು. ಮೂರು ವರ್ಷಗಳ ಕಾಲ ವಯಸ್ಸಿನ ಕಾರಣಕ್ಕೆ ಅಲ್ಲಿ ನಿವೃತ್ತರಾಗುವವರೇ ಇಲ್ಲವಾದರು. ಕೇಂದ್ರ ಸರ್ಕಾರ 1998ರಲ್ಲಿ, ಕರ್ನಾಟಕ 2008ರಲ್ಲಿ 58ರಿಂದ 60ಕ್ಕೆ ಬಂದಿವೆ.

ಒಬ್ಬ ನೌಕರ ನಿವೃತ್ತನಾದ ವರ್ಷ ಸರ್ಕಾರ ಅವನಿಗೆ ಗ್ರಾಚ್ಯುಟಿ, ಗಳಿಕೆ ರಜೆಯ ನಗದು, ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗದ ಬದಲು ಮುಂಗಡವಾಗಿ ಕೊಡುವ ಹಣ) ಎಲ್ಲವನ್ನೂ ಇಡಿಗಂಟಾಗಿ ಕೊಡಬೇಕು. ನಿವೃತ್ತಿಯನ್ನು ಎರಡು ವರ್ಷ ಮುಂದೂಡಿದರೆ ಈ ಇಡಿಗಂಟೂ ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ಸಾಲ ತೀರಲಿಲ್ಲ, ಕಂತು ಮುಂದೆ ಹೋಯಿತು ಅಷ್ಟೇ. ಆ ಎರಡು ವರ್ಷ ಸರ್ಕಾರ ಅವನಿಗೆ ಪಿಂಚಣಿಯ ಬದಲು ಪೂರ್ಣ ಸಂಬಳ ಕೊಡಬೇಕು, ನಡುವೆ ಎರಡು ವಾರ್ಷಿಕ ವೇತನ ಬಡ್ತಿಯನ್ನೂ ಕೊಡಬೇಕು. ಕೊನೆಗೆ ಹಳೆಯ ಪಿಂಚಣಿ ಪದ್ಧತಿಯವನಾಗಿದ್ದರೆ ಪಿಂಚಣಿ ಇನ್ನೂ ಹೆಚ್ಚಿನ ಮೂಲವೇತನದ ಅರ್ಧಕ್ಕೆ ನಿಗದಿಯಾಗುತ್ತದೆ. ಅವನ ಜಾಗಕ್ಕೆ ಹೊಸಬನನ್ನು ತೆಗೆದುಕೊಳ್ಳದೆ ಉಳಿಯುವ ಸಂಬಳದಿಂದ ಮಾತ್ರ ಖಜಾನೆಗೆ ನಿಜವಾದ ಲಾಭ ಬರಬೇಕು. ನಿಮ್ಮ ಅನುಮಾನಕ್ಕೆ ಆಧಾರವಿದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಒಬ್ಬ ಹಿರಿಯ ಕೆಲಸದಲ್ಲಿ ಉಳಿದರೆ ಒಬ್ಬ ಕಿರಿಯನಿಗೆ ಕೆಲಸ ತಪ್ಪುತ್ತದೆ ಎಂಬ ವಾದವನ್ನು ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದು ದೇಶದಲ್ಲಿ ಇಷ್ಟೇ ಕೆಲಸಗಳಿವೆ ಎಂಬ ಮಿತಿ ಇಲ್ಲ, ಸಂಬಳ ಪಡೆಯುವ ಹಿರಿಯನು ಖರ್ಚು ಮಾಡಿದಷ್ಟೂ ಬೇರೆಡೆ ಕೆಲಸ ಹುಟ್ಟುತ್ತದೆ ಎನ್ನುವುದು ಅವರ ಸಮಜಾಯಿಷಿ. ಇಡೀ ಆರ್ಥಿಕತೆಯ ಮಟ್ಟದಲ್ಲಿ ಅದು ನಿಜ. ಆದರೆ ಸರ್ಕಾರಿ ಇಲಾಖೆ ಆರ್ಥಿಕತೆಯಲ್ಲ. ಅಲ್ಲಿ ಮಂಜೂರಾದ ಹುದ್ದೆಗಳ ಸಂಖ್ಯೆ ಆದೇಶದಲ್ಲಿ ಬರೆದಿಟ್ಟಿರುತ್ತದೆ; ಮುಖ್ಯೋಪಾಧ್ಯಾಯರ ಹುದ್ದೆ ತೆರವಾದರೆ ಸಹಶಿಕ್ಷಕರೊಬ್ಬರಿಗೆ ಬಡ್ತಿ, ಅವರ ಜಾಗ ತೆರವಾದರೆ ಹೊಸಬರಿಗೊಂದು ನೇಮಕಾತಿ ಎಂಬ ಸರಪಳಿ ಅಲ್ಲಿ ಅಕ್ಷರಶಃ ಇದೆ. ಆದ್ದರಿಂದ ಪುಸ್ತಕದಲ್ಲಿ ತಪ್ಪೆನಿಸಿಕೊಂಡ ನಿಮ್ಮ ವಾದ ವಿಧಾನಸೌಧದ ಮಟ್ಟಿಗೆ, ಅಲ್ಪಾವಧಿಯಲ್ಲಿ, ಬಹುಪಾಲು ಸರಿ.

ಬಹುಪಾಲು ಎಂದೆ, ಪೂರ್ತಿ ಎನ್ನಲಿಲ್ಲ. ಕರ್ನಾಟಕದಲ್ಲಿ ಇಂದು ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ನಿವೃತ್ತಿ ವಯಸ್ಸು 60 ಇದ್ದು, ಪ್ರತಿ ವರ್ಷ ಜನ ನಿವೃತ್ತರಾಗುತ್ತಿದ್ದೂ ಇಷ್ಟು ಖಾಲಿ ಉಳಿದಿವೆಯೆಂದರೆ, ನಿಮ್ಮ ದಾರಿಗೆ ಅಡ್ಡ ನಿಂತಿರುವುದು ಅರುವತ್ತು ತುಂಬಿದ ಮೇಷ್ಟ್ರುಗಳಲ್ಲ. ನೇಮಕಾತಿಗೆ ಸಿಗದ ಆರ್ಥಿಕ ಇಲಾಖೆಯ ಸಹಮತಿ, ಪ್ರಶ್ನೆಪತ್ರಿಕೆ ಸೋರಿಕೆ ಮತ್ತು ಭಾಷಾಂತರ ದೋಷಗಳಿಂದ ರದ್ದಾಗುವ ಪರೀಕ್ಷೆಗಳು, ನ್ಯಾಯಾಲಯದಲ್ಲಿ ಸಿಕ್ಕಿಬೀಳುವ ಆಯ್ಕೆಪಟ್ಟಿಗಳು, ಖಾಲಿ ಜಾಗವನ್ನು ಅತಿಥಿ ಶಿಕ್ಷಕರಿಂದಲೂ ಹೊರಗುತ್ತಿಗೆಯವರಿಂದಲೂ ಅಗ್ಗಕ್ಕೆ ನಡೆಸಿಕೊಂಡು ಹೋಗುವ ಚಾಳಿ. ನಿಮ್ಮ ತಂದೆಯವರು ನಾಳೆಯೇ ಕುರ್ಚಿ ಬಿಟ್ಟರೂ ಅವರ ಹುದ್ದೆಗೆ ಯಾರೋ ಒಬ್ಬರನ್ನು ‘ಪ್ರಭಾರ’ದಲ್ಲಿ ಕೂರಿಸುವ ಸಾಧ್ಯತೆಯೇ ಹೆಚ್ಚು. ಆದರೂ ಓದುವವರ ಸಿಟ್ಟನ್ನು ನಾನು ಅವಿವೇಕ ಎನ್ನಲಾರೆ. ನೇಮಕಾತಿಗೆ ಬಹುಕಾಲದಿಂದ ಇರುವ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40. ಒಮ್ಮೊಮ್ಮೆ ಸಡಿಲಿಕೆ ಸಿಗುತ್ತದೆ, ಅದಕ್ಕೂ ಹೋರಾಡಬೇಕು. ಒಳಗಿರುವವನಿಗೆ ವಯಸ್ಸಿನ ಮಿತಿ ಮುಂದೆ ಸರಿಯುತ್ತ, ಹೊರಗಿರುವವನಿಗೆ ಮಾತ್ರ ನಿಂತಲ್ಲೇ ನಿಂತರೆ ಅದನ್ನು ಅನ್ಯಾಯ ಎನ್ನದೆ ಇನ್ನೇನೆನ್ನಬೇಕು?

ಈ ಸಿಟ್ಟು ಎಷ್ಟು ಬಲವಾಗಿರಬಲ್ಲದು ಎಂಬುದಕ್ಕೆ ಕೇರಳವನ್ನು ನೋಡಬೇಕು. ದೇಶದಲ್ಲಿ ಜನರ ಆಯಸ್ಸು ಅತಿ ಹೆಚ್ಚಿರುವ ರಾಜ್ಯಗಳಲ್ಲಿ ಅದೊಂದು, ನಿವೃತ್ತಿ ವಯಸ್ಸು ಅತಿ ಕಡಿಮೆ ಇರುವುದೂ ಅಲ್ಲೇ. 2012ರ ಬಜೆಟ್‌ನಲ್ಲಿ ಕೆ.ಎಂ. ಮಾಣಿ ಅವರು 55ನ್ನು 56 ಮಾಡಿದ್ದಕ್ಕೆ, ಬರೀ ಒಂದು ವರ್ಷಕ್ಕೆ, ಯುವ ಸಂಘಟನೆಗಳು ಬೀದಿಗಿಳಿದವು. ಹತ್ತು ವರ್ಷಗಳ ಬಳಿಕ 2022ರ ಅಕ್ಟೋಬರ್ ಕೊನೆಯಲ್ಲಿ ಎಡರಂಗ ಸರ್ಕಾರ ಸಾರ್ವಜನಿಕ ಉದ್ದಿಮೆಗಳಲ್ಲಿ ನಿವೃತ್ತಿ ವಯಸ್ಸನ್ನು 60 ಎಂದು ಏಕರೂಪಗೊಳಿಸುವ ಆದೇಶ ಹೊರಡಿಸಿದಾಗ ವಿರೋಧ ಪಕ್ಷದ ಯುವಕರ ಜೊತೆಗೆ ಆಳುವ ಪಕ್ಷಗಳದೇ ಯುವ ಸಂಘಟನೆಗಳು ತಿರುಗಿಬಿದ್ದವು. ಒಂದು ವಾರವೂ ಆಗುವ ಮೊದಲೇ ನವೆಂಬರ್ 2ರಂದು ಸಚಿವ ಸಂಪುಟ ಆದೇಶವನ್ನು ತಡೆಹಿಡಿಯಿತು. ಓದಿದ ನಿರುದ್ಯೋಗಿಗಳು ಹೆಚ್ಚಾಗಿದ್ದು, ಅವರು ಸಂಘಟಿತರೂ ಆಗಿರುವ ರಾಜ್ಯದಲ್ಲಿ ಮಾತ್ರ ಇಷ್ಟು ಬೇಗ ಸರ್ಕಾರ ಹಿಂದೆ ಸರಿಯುತ್ತದೆ. ಕೋಚಿಂಗ್ ಸೆಂಟರುಗಳಲ್ಲಿ ಚದುರಿರುವ ನಮ್ಮ ಅಭ್ಯರ್ಥಿಗಳಿಗೆ ಆ ಬಲ ಈಚೆಗಷ್ಟೇ ಬರುತ್ತಿದೆ.

ಆಂಧ್ರಪ್ರದೇಶದಲ್ಲಿ ನಡೆದದ್ದು ಇನ್ನೂ ಕುತೂಹಲಕರ, ಏಕೆಂದರೆ ಅಲ್ಲಿ ಚಕ್ರ ಎರಡೂ ಕಡೆಗೆ ತಿರುಗಿದೆ. 1983ರಲ್ಲಿ ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಎನ್.ಟಿ. ರಾಮರಾವ್ ಅವರು, ಯುವಕರಿಗೆ ಅವಕಾಶ ಸಿಗಲೆಂದು, 58 ಇದ್ದುದನ್ನು 55ಕ್ಕೆ ಇಳಿಸಿದರು. 55 ದಾಟಿದ ಸಾವಿರಾರು ಮಂದಿ ಆ ಫೆಬ್ರವರಿ ಕೊನೆಯ ದಿನ ಮನೆಗೆ ಹೋಗಬೇಕಾಯಿತು. ಮುಂದಿನ ವರ್ಷದ ಆಗಸ್ಟ್‌ನಲ್ಲಿ 58 ಮತ್ತೆ ಬಂತು. ವಯಸ್ಸು ಇಳಿಸುವುದು ಸರ್ಕಾರದ ನೀತಿಗೆ ಬಿಟ್ಟ ವಿಷಯವೆಂದು 1985ರಲ್ಲಿ ಕೆ. ನಾಗರಾಜ್ ಪ್ರಕರಣದಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ನಡುವಿನ ಅವಧಿಯಲ್ಲಿ ಮನೆಗೆ ಹೋದವರಿಗೆ ನ್ಯಾಯ ಸಿಗಬೇಕೆಂದು ಅದೇ ವರ್ಷ ಬಿ. ಪ್ರಭಾಕರ ರಾವ್ ಪ್ರಕರಣದಲ್ಲಿ ಹೇಳಿತು. 2014ರಲ್ಲಿ ಆಂಧ್ರ 60ಕ್ಕೆ ಏರಿತು. 2022ರ ಜನವರಿಯಲ್ಲಿ ಜಗನ್ ಮೋಹನ್ ರೆಡ್ಡಿ ಸರ್ಕಾರ 62 ಮಾಡಿತು, ಅದೇ ಕೈಯಲ್ಲಿ ವೇತನ ಪರಿಷ್ಕರಣೆಯನ್ನೂ ಪ್ರಕಟಿಸಿತು. ಮಧ್ಯಂತರ ಪರಿಹಾರವಾಗಿ ಶೇ 27 ಪಡೆಯುತ್ತಿದ್ದ ನೌಕರರಿಗೆ ಹೊಸ ಪರಿಷ್ಕರಣೆಯಲ್ಲಿ ಸಿಕ್ಕಿದ್ದು ಶೇ 23.29. ಎರಡು ವರ್ಷ ಹೆಚ್ಚು ಸೇವೆ ಕೊಟ್ಟಿದ್ದೇವಲ್ಲ ಎಂದು ಸರ್ಕಾರ ಸಮಾಧಾನ ಹೇಳಿದರೂ ಫೆಬ್ರವರಿ 3ರಂದು ಸಾವಿರಾರು ನೌಕರರು ‘ಚಲೋ ವಿಜಯವಾಡ’ ಎಂದು ಹೊರಟು ನಗರವನ್ನು ತುಂಬಿದರು. ನಿವೃತ್ತಿ ವಯಸ್ಸಿನ ಏರಿಕೆಯನ್ನು ನೌಕರರು ಉಡುಗೊರೆಯೆಂದು ತಲೆಬಾಗಿ ಸ್ವೀಕರಿಸುತ್ತಾರೆ ಎಂಬ ಲೆಕ್ಕಾಚಾರ ಅಲ್ಲಿ ಕೈಕೊಟ್ಟಿತು.

ನೌಕರ ವರ್ಗವೂ ಒಂದೇ ಮನಸ್ಸಿನದಲ್ಲ ಎಂಬುದನ್ನು ನಿಮ್ಮ ತಂದೆಯವರು ಬಲ್ಲರು. 59ರವರಿಗೆ ಏರಿಕೆ ಬೇಕು. ಜ್ಯೇಷ್ಠತಾ ಪಟ್ಟಿಯಲ್ಲಿ ಅವರ ಕೆಳಗೆ ಕಾದಿರುವ 50ರವರಿಗೆ ಅದು ಬೇಡ, ಆದರೆ ಸಂಘದ ಸಭೆಯಲ್ಲಿ ಎದ್ದುನಿಂತು ಹಾಗೆನ್ನಲು ಬಾಯಿ ಬರುವುದಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿ, ವಂತಿಗೆಯಿಂದ ಬೆಳೆಯುವ ನಿಧಿಯನ್ನೇ ನೆಚ್ಚಿದ ಹೊಸ ಪಿಂಚಣಿ ಪದ್ಧತಿಗೆ (ಎನ್‌ಪಿಎಸ್) ಒಳಪಟ್ಟವರ ಲೆಕ್ಕ ಮತ್ತೊಂದು: ಮೂವತ್ತೈದು ದಾಟಿದ ಮೇಲೆ ನೌಕರಿ ಸಿಕ್ಕವರಿಗೆ ನಿಧಿ ಬೆಳೆಯಲು ವರ್ಷಗಳೇ ಸಾಲದು, ಅವರು ಎರಡು ವರ್ಷ ಹೆಚ್ಚು ಬಂದರೆ ಒಳ್ಳೆಯದೆನ್ನುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಮಾಡುವವರು, ರಾತ್ರಿ ಪಾಳಿಯ ಪೊಲೀಸರು, ಸಾರಿಗೆ ನಿಗಮದ ಚಾಲಕರು ಇವರನ್ನೆಲ್ಲ ಕಡತ ನೋಡುವ ಕೊಠಡಿಯವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬ ಫ್ರಾನ್ಸಿನ ಪ್ರಶ್ನೆ ನಮ್ಮಲ್ಲಿ ಇನ್ನೂ ಸರಿಯಾಗಿ ಕೇಳಿಬಂದೇ ಇಲ್ಲ.

ಇನ್ನೊಂದು ಮಾತು. ಫ್ರಾನ್ಸಿನಲ್ಲಿ ಈ ವಿಷಯ ಪ್ರತಿ ಮನೆಯದಾಗಿತ್ತು, ಏಕೆಂದರೆ ಅಲ್ಲಿ ಪ್ರತಿ ದುಡಿಯುವವನಿಗೂ ಪಿಂಚಣಿ ಇದೆ. ನಮ್ಮಲ್ಲಿ ಹೊಲದಲ್ಲಿ, ಗಾರೆ ಕೆಲಸದಲ್ಲಿ, ಮನೆಗೆಲಸದಲ್ಲಿ ದುಡಿಯುವ ಬಹುಸಂಖ್ಯಾತರಿಗೆ ನಿವೃತ್ತಿ ಎಂಬ ದಿನವೇ ಇಲ್ಲ. 65 ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ ₹1,200. ಕಾರ್ಖಾನೆಯಲ್ಲಿ ದುಡಿದು ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಗೆ ಸೇರಿದವರಿಗೆ 58ಕ್ಕೆ ಸಿಗುವ ಕನಿಷ್ಠ ಪಿಂಚಣಿ 2014ರಿಂದಲೂ ₹1,000. ಸರ್ಕಾರಿ ನೌಕರರ 60 ಮತ್ತು 62ರ ಜಗಳವನ್ನು ಇವರು ದೂರದಿಂದ ನೋಡುತ್ತಾರೆ. ನಮ್ಮಲ್ಲಿ ಇದು ಒಳಗಿರುವ ಕೆಲವರ ಮತ್ತು ಒಳಬರಬೇಕೆನ್ನುವ ಹಲವರ ನಡುವಿನ ವ್ಯಾಜ್ಯವಾಗಿಯೇ ಉಳಿದು, ಫ್ರಾನ್ಸಿನಂತೆ ಇಡೀ ಸಮಾಜದ ಪ್ರಶ್ನೆಯಾಗದಿರುವುದಕ್ಕೆ ಕಾರಣ ಇದು.

ಹಾಗಾದರೆ ನಿಮ್ಮ ಮನೆಯಲ್ಲಿ ಯಾರು ಸರಿ? ತಮ್ಮ ಮಟ್ಟಿಗೆ ಲಾಭವೆಂದು ತಂದೆಯವರು ಹೇಳುವುದರಲ್ಲಿ ತಪ್ಪಿಲ್ಲ. ರಾಜ್ಯದ ಮಟ್ಟಿಗೆ ಕೇಳಿದರೆ ನಾನು ನಿಮ್ಮ ಪಕ್ಷ: ಖಾಲಿ ಹುದ್ದೆಗಳನ್ನು ತುಂಬಿಕೊಳ್ಳುವವರೆಗೆ ಎಲ್ಲ ನೌಕರರಿಗೂ ಒಟ್ಟಾಗಿ ವಯಸ್ಸು ಏರಿಸುವುದು ಸರಿಯಲ್ಲ. ತಜ್ಞ ವೈದ್ಯರಂಥ, ಬದಲಿ ಸಿಗದ ಕೆಲವು ವೃತ್ತಿಗಳಿಗೆ ಅದು ಬೇಕಾಗಬಹುದು, ಅಷ್ಟೇ.

ಕೊನೆಯಲ್ಲಿ ತಂದೆಯವರಿಗೊಂದು ಕಿವಿಮಾತು. ಮೇ 31 ಎಂದಿರಲ್ಲ, ಅವರ ದಾಖಲೆಯ ಜನ್ಮದಿನ ಬಹುಶಃ ಜೂನ್ 1 ಇರಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಆ ಒಂದು ತಾರೀಖಿನಿಂದ ಅವರ ತಲೆಮಾರಿನ ಎಷ್ಟೋ ಜನ ಒಂದೇ ದಿನ ನಿವೃತ್ತರಾಗುತ್ತಾರೆ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕೆಂಬುದು ನಿಯಮ. ಏರಿಕೆಯ ಆದೇಶ ಜೂನ್‌ನಲ್ಲಿ ಬಂದರೂ, ಅದರಲ್ಲಿ ಬೇರೆ ಮಾತಿಲ್ಲದಿದ್ದರೆ, ಮೇ 31ಕ್ಕೆ ಹೋದವರಿಗೆ ಅದು ಅನ್ವಯವಾಗದು. ಬಂದ ಆದೇಶವೂ ನಿಲ್ಲುತ್ತದೆಂಬ ಖಾತ್ರಿಯಿಲ್ಲ: ಹರಿಯಾಣದಲ್ಲಿ 2014ರ ಆಗಸ್ಟ್‌ನಲ್ಲಿ ಹೂಡಾ ಸರ್ಕಾರ 60 ಮಾಡಿದ್ದನ್ನು ಚುನಾವಣೆಯ ನಂತರ ಬಂದ ಖಟ್ಟರ್ ಸರ್ಕಾರ ನವೆಂಬರ್‌ನಲ್ಲಿ 58ಕ್ಕೆ ಮರಳಿಸಿ, ಉಳಿದುಕೊಂಡಿದ್ದವರನ್ನು ಆ ತಿಂಗಳ ಕೊನೆಗೇ ಮನೆಗೆ ಕಳಿಸಿತು. ವಾಟ್ಸ್‌ಆ್ಯಪ್‌ನಲ್ಲಿ ‘62 ಆಯಿತು’ ಎಂದು ಬರುವ ಆದೇಶದ ಪ್ರತಿಗಳನ್ನು ನಂಬಿ ಪಿಂಚಣಿ ಕಡತವನ್ನು ಬದಿಗಿಡಬೇಡಿರೆಂದು ಹೇಳಿ. ಸೇವಾ ಪುಸ್ತಕದಲ್ಲಿ ಹಳೆಯ ವೇತನ ನಿಗದಿಗಳು, ರಜೆ ಲೆಕ್ಕ, ನಾಮನಿರ್ದೇಶನ ಎಲ್ಲವೂ ದೃಢೀಕರಣಗೊಂಡಿವೆಯೇ ಎಂದು ಈಗಲೇ ನೋಡಿಸಿ, ಪ್ರಸ್ತಾವನೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಸಕಾಲಕ್ಕೆ ತಲುಪುವಂತೆ ನೋಡಿಕೊಳ್ಳಲಿ. ಅಕಸ್ಮಾತ್ ವಯಸ್ಸು ಏರಿದರೆ ಆ ಕಡತ ಎರಡು ವರ್ಷ ಕಾಯುತ್ತದೆ, ಅಷ್ಟೇ.